ಉಳ್ಳಾಗಡ್ಡಿ ಹಾಕುವ ಮೊದಲು

ಕಾರಹುಣ್ಣಿಮೆ ಮುಗಿದು ಬಂದ ಮೊದಲ ರವಿವಾರ ನಮ್ಮ ಮನೆಯಲ್ಲಿ ಎರಡು ಲೀಟರ್ ಎಮ್ಮೆ ಹಾಲು ಒಡೆಯಿತು. ಹಿಂದಿನ ರಾತ್ರಿ ಮಳೆ ಗಾಳಿಗೆ ಹೋದ ಕರೆಂಟು ಬೆಳಗಿನವರೆಗೂ ಬಂದಿರಲಿಲ್ಲ. ಫ್ರಿಜ್ಜಿನಲ್ಲಿದ್ದ ಹಾಲನ್ನು ಒಲೆಗೆ ಇಟ್ಟು ನಾವು ಚಹಾ ಪುಡಿ ಹುಡುಕುವಷ್ಟರಲ್ಲಿ ಪಾತ್ರೆಯೊಳಗೆ ಗಡ್ಡೆ ಬೇರೆ, ನೀರು ಬೇರೆ ಆಗಿತ್ತು.

ಅವ್ವ ಇದ್ದಿದ್ದರೆ ಅದನ್ನು ಸೀದಾ ಎಮ್ಮೆಯ ಮುಸುರಿಗೆ ಸುರಿಯುತ್ತಿದ್ದಳು. ಆದರೆ ಅವ್ವ ಬ್ಯಾಡಗಿಗೆ ಸೋದರತ್ತೆಯ ಮನೆಗೆ ಹೋಗಿದ್ದಳು. ಮನೆಯಲ್ಲಿ ಇದ್ದವರು ನಾವು ಅಕ್ಕ-ತಂಗಿ ಇಬ್ಬರು, ಆಯಿ, ಕರಿಯಾ ಎಂಬ ನಾಯಿ, ಚಿನ್ನಿ ಎಂಬ ಬೆಕ್ಕು. ಒಡೆದ ಹಾಲನ್ನು ನೋಡಿ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆದದ್ದು ಪನ್ನೀರು. ಅದರ ಹಿಂದೆಯೇ ಹೊಳೆದದ್ದು ಓವನ್.

ಅಣ್ಣ ಬೆಂಗಳೂರಿನಲ್ಲಿ ಮನೆ ಬದಲಿಸುವಾಗ ಬಸ್ಸಿಗೆ ಹಾಕಿ ಕಳಿಸಿದ ಸಣ್ಣ ಓವನ್ ಅದು. ಬಂದು ಒಂದು ವರ್ಷವಾಗಿದ್ದರೂ ಅದರ ಮೇಲೆ ರೊಟ್ಟಿ ಬುಟ್ಟಿ ಇಡುವುದನ್ನು ಬಿಟ್ಟರೆ ನಾವು ಬೇರೇನೂ ಮಾಡಿರಲಿಲ್ಲ. ಅಂದು ಬುಟ್ಟಿ ಕೆಳಗಿಳಿಸಿದೆವು.

ಮೊದಲು ಪನ್ನೀರು. ಅರೆಬರೆ ಒಡೆದ ಹಾಲಿಗೆ ಅರ್ಧ ಲಿಂಬೆಹಣ್ಣು ಹಿಂಡಿ ಪೂರ್ತಿ ಒಡೆಸಿ, ಅವ್ವನ ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸೋಸಿ, ಹುಳಿ ಹೋಗುವ ಹಾಗೆ ತಣ್ಣೀರಿನಲ್ಲಿ ಒಮ್ಮೆ ತೊಳೆದು ಗಂಟು ಕಟ್ಟಿದೆವು. ಗಂಟಿನ ಮೇಲೆ ಕಲ್ಲು ಹೇರಿ ಒಂದು ತಾಸು ಬಿಟ್ಟೆವು. ಎಮ್ಮೆ ಹಾಲಿನಲ್ಲಿ ಕೊಬ್ಬು, ಗಟ್ಟಿ ಅಂಶ ಎರಡೂ ಹೆಚ್ಚು. ಹೀಗಾಗಿ ಆಕಳ ಹಾಲಿಗಿಂತ ಪನ್ನೀರು ಜಾಸ್ತಿ ಸಿಗುತ್ತದೆ. ನಮಗೆ 400 ಗ್ರಾಮಿಗೆ ಸ್ವಲ್ಪ ಕಡಿಮೆ ಬಂತು. ಸೋಸಿದ ನೀರು ಎಮ್ಮೆಗೆ ಹೋಯಿತು. ಅಷ್ಟರಮಟ್ಟಿಗೆ ಅವ್ವನ ಕಾನೂನು ಪಾಲಿಸಿದೆವು.

ಅಡುಗೆ ಸರಳ. ದೊಡ್ಡ ಉಳ್ಳಾಗಡ್ಡಿ ಮೂರು, ಬಳ್ಳೊಳ್ಳಿ ಒಂದು ಗಡ್ಡೆ, ಟೊಮ್ಯಾಟೊ ನಾಲ್ಕು. ಬಿಸಿನೀರಿನಲ್ಲಿ ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಆರು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಮೆಣಸಿನಕಾಯಿಯ ಗುಣ ಗೊತ್ತಲ್ಲ, ಬಣ್ಣ ಬೆಂಕಿಯಂತಿದ್ದರೂ ಖಾರ ಮೆತ್ತಗೆ. ಇದನ್ನೆಲ್ಲ ಎಣ್ಣೆಯಲ್ಲಿ ಹುರಿದು ದಪ್ಪನೆಯ ಗೊಜ್ಜು ಮಾಡಿಕೊಂಡೆವು. ತಟ್ಟೆಯ ತಳಕ್ಕೆ ಒಣ ಜೋಳದ ರೊಟ್ಟಿ ಮುರಿದು ಹಾಸಿ, ಅದರ ಮೇಲೆ ಗೊಜ್ಜು, ಅದರ ಮೇಲೆ ಪುಡಿ ಮಾಡಿದ ಪನ್ನೀರು, ಮತ್ತೆ ರೊಟ್ಟಿ, ಮತ್ತೆ ಗೊಜ್ಜು. ಕೊನೆಗೆ ಅಂಗಡಿಯಿಂದ ತಂದ ಎರಡು ಚೀಸ್ ತುಂಡನ್ನು ತುರಿದು ಉದುರಿಸಿದೆವು. 200 ಡಿಗ್ರಿ, 25 ನಿಮಿಷ ಎಂದು ಗುಂಡಿ ತಿರುಗಿಸಿದೆವು.

ಕರೆಂಟು ಹತ್ತು ಗಂಟೆಗೆ ಬಂದಿತ್ತು. ನಮ್ಮ ಅಡುಗೆ ಒಳಗೆ ಹೋಗಿ ಹದಿನೆಂಟು ನಿಮಿಷಕ್ಕೆ ಮತ್ತೆ ಹೋಯಿತು. ಬಾಗಿಲು ತೆಗೆಯದೆ ಹಾಗೇ ಬಿಟ್ಟೆವು. ಒಳಗಿನ ಬಿಸಿಗೇ ಉಳಿದದ್ದು ಬೆಂದಿತು. ಆ ಹೊತ್ತಿಗೆ ಕರಿಯಾ ಅಡುಗೆಮನೆಯ ಹೊಸ್ತಿಲ ಮೇಲೆ ಗದ್ದ ಊರಿ ಮಲಗಿದ್ದ. ಹೊಸ್ತಿಲು ದಾಟಬಾರದು ಎನ್ನುವುದು ಅವನಿಗೆ ಗೊತ್ತು, ಹೀಗಾಗಿ ಮೂಗು ಮಾತ್ರ ಒಳಗೆ. ಚಿನ್ನಿಗೆ ಯಾವ ಕಾನೂನೂ ಇಲ್ಲ. ಬೆಚ್ಚಗಿನ ಓವನ್ನಿನ ಹತ್ತಿರ ಬಂದು ಕೂತು ಕಣ್ಣು ಮುಚ್ಚಿತ್ತು.

ಊಟ ಚೆನ್ನಾಗಿತ್ತು. ಮೇಲೆ ಕೆಂಪಗೆ ಹುರಿದ ಪದರ, ಒಳಗೆ ಗೊಜ್ಜು ಹೀರಿ ಮೆತ್ತಗಾದ ರೊಟ್ಟಿ. ಆಯಿ ಎರಡು ತುತ್ತು ತಿಂದು, “ಚಲೋ ಐತಿ, ಆದ್ರ ನನಗ ಅನ್ನ ಸಾರು ಹಾಕ್ರಿ” ಎಂದಳು. ನಾವಿಬ್ಬರೂ ಹೊಟ್ಟೆ ತುಂಬ ತಿಂದರೂ ಹೆಚ್ಚುಕಡಿಮೆ ಅರ್ಧ ತಟ್ಟೆ ಉಳಿಯಿತು. ಚಿನ್ನಿಯ ಮುಂದೆ ಸ್ವಲ್ಪ ಇಟ್ಟೆವು. ಅದು ಮೂಸಿ, ಮುಂಗಾಲು ಝಾಡಿಸಿ, ಎದ್ದು ಹೋಯಿತು. ಕರಿಯಾ ಎರಡು ತಾಸು ಕಾದಿದ್ದಾನಲ್ಲ ಎಂಬ ಪ್ರೀತಿಯಿಂದ ಉಳಿದದ್ದೆಲ್ಲ ಅವನಿಗೇ ಹಾಕಿದೆವು. ತಟ್ಟೆ ಮತ್ತೆ ತೊಳೆಯುವುದೇ ಬೇಡ ಎನ್ನುವ ಹಾಗೆ ನೆಕ್ಕಿದ. ನಾವು ಅದರ ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆವು.

ಅಂದು ರಾತ್ರಿ ಕರಿಯಾ ಒಮ್ಮೆ ವಾಂತಿ ಮಾಡಿಕೊಂಡ. ಜಾಸ್ತಿ ತಿಂದ, ಅದಕ್ಕೆ ಎಂದುಕೊಂಡೆವು. ಮರುದಿನ ಸುಮ್ಮನಿದ್ದ. ಬುಧವಾರ ಬೆಳಗ್ಗೆ ಎಮ್ಮೆ ಹಿಂಡಲು ಹೋದಾಗ ಜೊತೆಗೆ ಬರಲಿಲ್ಲ. ಎಬ್ಬಿಸಿದರೆ ನಾಲ್ಕು ಹೆಜ್ಜೆ ಇಟ್ಟು ಕೂತ. ಗೋಡೆಯ ಬದಿಗೆ ಮೂತ್ರ ಮಾಡಿದ, ಅದು ಕರಿ ಚಹಾದ ಬಣ್ಣಕ್ಕಿತ್ತು. ತುಟಿ ಎತ್ತಿ ನೋಡಿದರೆ ವಸಡು ಸುಣ್ಣ ಬಳಿದಂತೆ ಬೆಳ್ಳಗೆ.

ಟಂಟಂ ಒಂದನ್ನು ಹಿಡಿದು, ಗೋಣಿಚೀಲದ ಮೇಲೆ ಮಲಗಿಸಿಕೊಂಡು ಹಾವೇರಿಗೆ ಹೋದೆವು. ದಾರಿಯುದ್ದಕ್ಕೂ ನಾವು ಬೈದುಕೊಂಡದ್ದು ಚೀಸಿಗೆ. ನಮ್ಮಂಥವರಿಗೆ ಅಲ್ಲದ ಅಡುಗೆ ಮಾಡಲು ಹೋಗಿ ನಾಯಿಯ ಜೀವಕ್ಕೆ ತಂದೆವು ಎಂದು.

ಡಾಕ್ಟರು ಏನು ತಿಂದಿದೆ ಎಂದು ಕೇಳಿದರು. ಹಾಲು, ಪನ್ನೀರು, ಚೀಸ್ ಎಂದೆವು. ಅವರು ಕಣ್ಣಿನ ರೆಪ್ಪೆ ಎಳೆದು ನೋಡುತ್ತಾ, “ಉಳ್ಳಾಗಡ್ಡಿ ಹಾಕಿದ್ರೇನು?” ಎಂದರು. ಹಾಕಿದ್ದೆವು ಎಂದೆವು. “ಎಷ್ಟು?” ಎಂದರು. ಆಗ ನಮಗೆ ಅಡುಗೆಯ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡುವ ಕೆಲಸ ಬಂತು. ಮೂರು ದೊಡ್ಡ ಗಡ್ಡೆ ಎಂದರೆ ಸುಮಾರು 300 ಗ್ರಾಂ, ಅದರಲ್ಲಿ ಅರ್ಧ ಕರಿಯಾನ ಹೊಟ್ಟೆಗೆ. ಮೇಲೆ ಬಳ್ಳೊಳ್ಳಿ. ತಕ್ಕಡಿಯ ಮೇಲೆ ಕರಿಯಾ 14 ಕೆ.ಜಿ. ತೂಗಿದ.

ನಾಯಿಯ ತೂಕದ ಪ್ರತಿ ಕಿಲೊಗೆ ಐದು ಗ್ರಾಂ ಉಳ್ಳಾಗಡ್ಡಿ ಒಂದೇ ಸಲಕ್ಕೆ ಹೊಟ್ಟೆ ಸೇರಿದರೂ ಅಪಾಯ ಶುರುವಾಗಬಹುದು. ನಾವು ಕೊಟ್ಟದ್ದು ಅದರ ಎರಡರಷ್ಟು. ಉಳ್ಳಾಗಡ್ಡಿ, ಬಳ್ಳೊಳ್ಳಿಗಳ ಗಂಧಕದ ಅಂಶ ನಾಯಿಯ ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ಕೆಟ್ಟ ಕಣಗಳು ಒಡೆಯುತ್ತವೆ, ಒಡೆದದ್ದು ಮೂತ್ರದಲ್ಲಿ ಹೋಗುತ್ತದೆ, ಅದಕ್ಕೇ ಆ ಚಹಾದ ಬಣ್ಣ. ಹಸಿಯಾದರೂ, ಹುರಿದರೂ, ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ಬಳ್ಳೊಳ್ಳಿ ಉಳ್ಳಾಗಡ್ಡಿಗಿಂತ ಜೋರು. ಬೆಕ್ಕಿಗೆ ಇನ್ನೂ ಕಡಿಮೆ ಸಾಕು. ಚಿನ್ನಿ ಮೂಸಿ ಎದ್ದು ಹೋದದ್ದು ಸೊಕ್ಕು ಎಂದುಕೊಂಡಿದ್ದೆವು, ಅದೇ ಅದನ್ನು ಉಳಿಸಿತು.

ತಿಂದ ಒಂದೆರಡು ತಾಸಿನೊಳಗೆ ಹೋಗಿದ್ದರೆ ವಾಂತಿ ಮಾಡಿಸಿ ಮುಗಿಸಬಹುದಿತ್ತು. ತೊಂದರೆ ಏನೆಂದರೆ ಆ ಹೊತ್ತಿಗೆ ನಾಯಿ ಬಾಲ ಅಲ್ಲಾಡಿಸುತ್ತಲೇ ಇರುತ್ತದೆ. ಲಕ್ಷಣ ಕಾಣುವುದು ಒಂದು ದಿನ, ಮೂರು ದಿನ, ಕೆಲವೊಮ್ಮೆ ಐದು ದಿನ ಬಿಟ್ಟು. ಇದಕ್ಕೆಂದೇ ಪ್ರತ್ಯೇಕ ಮದ್ದಿಲ್ಲ. ಸಲೈನು ಏರಿಸಿ, ಹೊಸ ರಕ್ತ ಹುಟ್ಟುವವರೆಗೆ ಜೀವ ಹಿಡಿದಿಡಬೇಕು ಅಷ್ಟೆ. ರಕ್ತ ಇನ್ನೂ ಇಳಿದರೆ ಬೇರೆ ನಾಯಿಯ ರಕ್ತ ಏರಿಸುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ನಾಲ್ಕು ದಿನ ದಿನಕ್ಕೊಮ್ಮೆ ಹೋಗಿ ಬಂದೆವು. ಐದನೆಯ ದಿನ ಕರಿಯಾ ತಾನೇ ಎದ್ದು ಹಿತ್ತಲಿಗೆ ಹೋದ. ನಾವು ಅವನ ಹಿಂದೆಯೇ ಹೋಗಿ ಮೂತ್ರದ ಬಣ್ಣ ನೋಡಿದೆವು. ತಿಳಿಯಾಗಿತ್ತು. ಅಷ್ಟು ಖುಷಿಯಿಂದ ಯಾರೂ ಮೂತ್ರ ನೋಡಿರಲಿಕ್ಕಿಲ್ಲ.

ಆಯಿ ಇದನ್ನೆಲ್ಲ ಪೂರ್ತಿ ನಂಬಲಿಲ್ಲ. “ನಮ್ಮ ಕಾಲದಾಗ ನಾಯಿ ಎಲ್ಲಾ ತಿಂದು ಬದುಕ್ತಿದ್ವು. ಯಾವ ನಾಯಿಗೂ ಉಳ್ಳಾಗಡ್ಡಿ ಬಡದದ್ದು ನಾ ಕಾಣೆ” ಎಂದಳು. ಅವಳ ಮಾತಲ್ಲೂ ಅರ್ಥವಿದೆ. ಆ ಕಾಲದ ನಾಯಿಗೆ ಸಿಗುತ್ತಿದ್ದದ್ದು ಒಣ ರೊಟ್ಟಿ, ಅಂಬಲಿ, ಉಳಿದ ನುಚ್ಚು. ಪಲ್ಯ ಉಳಿಯುವಷ್ಟು ಯಾರ ಮನೆಯಲ್ಲೂ ಮಾಡುತ್ತಿರಲಿಲ್ಲ. ಆದರೆ ಇನ್ನೊಂದೂ ನಿಜ. ನಾಯಿ ಸತ್ತರೆ ನಾವು ಯಾಕೆ ಸತ್ತಿತು ಎಂದು ಕೇಳುವುದಿಲ್ಲ. ವಯಸ್ಸಾಗಿತ್ತು ಎನ್ನುತ್ತೇವೆ, ಹಾವು ಕಚ್ಚಿರಬೇಕು ಎನ್ನುತ್ತೇವೆ. ಇಲ್ಲವಾದರೆ ಯಾರೋ ವಿಷ ಹಾಕಿದರು ಎನ್ನುತ್ತೇವೆ.

ಈ ಕೊನೆಯ ಮಾತು ಬರೆಯಲು ಕೂತಾಗಲೇ ನಮಗೆ ರಾಜಾ ನೆನಪಾದದ್ದು. ನಿಜ ಹೇಳಬೇಕೆಂದರೆ ಡಾಕ್ಟರು ಉಳ್ಳಾಗಡ್ಡಿಯ ಮಾತು ಎತ್ತಿದಾಗಲೇ ನೆನಪಾಗಿದ್ದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನಾಗಿದ್ದೆವು.

ಕರಿಯಾನಿಗಿಂತ ಮುಂಚೆ ನಮ್ಮ ಮನೆಯಲ್ಲಿದ್ದವನು ರಾಜಾ. ಅತ್ತಿಗೆಯ ಕುಬಸಕ್ಕೆ ಮನೆ ತುಂಬ ಮಂದಿ ಬಂದಿದ್ದರು. ಒಂದು ಬುಟ್ಟಿ ಉಳ್ಳಾಗಡ್ಡಿ ಭಜಿ, ಅರ್ಧ ಕೊಪ್ಪರಿಗೆ ಎಣ್ಣೆಗಾಯಿ ಉಳಿದಿತ್ತು. ಎರಡು ದಿನ ರಾಜಾನಿಗೆ ಅದೇ ಊಟ. ನಾಲ್ಕನೆಯ ದಿನ ಪೇರಲ ಗಿಡದ ಕೆಳಗೆ ಸತ್ತು ಬಿದ್ದಿದ್ದ. ಸಾಯುವ ಮುಂಚಿನ ದಿನ ರಕ್ತದಂಥ ಮೂತ್ರ ಮಾಡಿದ್ದನ್ನು ನಾವೇ ನೋಡಿದ್ದೆವು. ವಿಷವೇ ಸೈ ಎಂದು ಆವತ್ತೇ ತೀರ್ಮಾನವಾಯಿತು. ಹಾಕಿದವರು ಯಾರು ಎಂದು ಯೋಚಿಸುವ ಕಷ್ಟವೂ ಇರಲಿಲ್ಲ. ಹಿತ್ತಿಲಮನೆಯವರಿಗೂ ನಮಗೂ ಗೋಡೆಯ ಜಗಳ ಇತ್ತು, ರಾಜಾ ಅವರ ಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಅವ್ವ ಹಿತ್ತಲಲ್ಲಿ ನಿಂತು ಹೆಸರು ಹೇಳದೆಯೇ ಯಾರಿಗೆ ಕೇಳಬೇಕೋ ಅವರಿಗೆ ಕೇಳುವಂತೆ ಬೈದಳು. ನಾವೂ ದನಿ ಕೂಡಿಸಿದೆವು. ಆವತ್ತಿನಿಂದ ಆ ಮನೆಯ ಚಿಗವ್ವನ ಜೊತೆ ಮಾತಿಲ್ಲ. ನಾವು ಸಣ್ಣವರಿದ್ದಾಗ ಜ್ವರ ಬಂದರೆ ರಾತ್ರಿ ಬಂದು ಹಣೆಗೆ ಬಟ್ಟೆ ಹಾಕಿದವಳು ಅವಳು. ಐದು ವರ್ಷವಾಯಿತು.

ರಾಜಾ ಹೇಗೆ ಸತ್ತ ಎಂದು ಈಗ ಯಾರೂ ಹೇಳಲಾರರು. ಆದರೆ ಅಷ್ಟು ಖಾತ್ರಿಯಿಂದ ಬೈಯಲು ನಮ್ಮ ಹತ್ತಿರ ಏನೂ ಇರಲಿಲ್ಲ ಎನ್ನುವುದನ್ನಂತೂ ಹೇಳಬಹುದು.

ಈ ವಿಷಯ ನಾಯಿಗಷ್ಟೇ ಮುಗಿಯುವುದೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಉಳ್ಳಾಗಡ್ಡಿ ರೇಟು ಬಿದ್ದ ವರ್ಷ, ಮಾರಿದರೆ ಬಾಡಿಗೆಯೂ ಹುಟ್ಟುವುದಿಲ್ಲ ಎಂದು ರಾಶಿಯನ್ನು ಹೊಲದಲ್ಲೇ ಬಿಡುತ್ತಾರೆ. ದನ ಬಂದು ಮೇಯುತ್ತವೆ. ದನಗಳಿಗೂ ಇದೇ ತೊಂದರೆ ಬರುತ್ತದೆ. ಆಡು, ಕುರಿ ಸ್ವಲ್ಪ ತಾಳಿಕೊಳ್ಳುತ್ತವೆ, ಆಕಳು ಅಷ್ಟು ತಾಳುವುದಿಲ್ಲ. ಕೊಡಲೇಬೇಕಾದರೆ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ, ಬೇರೆ ಮೇವಿನ ಜೊತೆ ಬೆರೆಸಿ, ಒಟ್ಟು ಮೇವಿನ ಒಣ ತೂಕದ ಕಾಲು ಭಾಗ ಮೀರದಂತೆ ಕೊಡಬೇಕು. ದನದ ಮೂತ್ರ ಕೆಂಪಾದರೆ ಕಾಯದೆ ಡಾಕ್ಟರನ್ನು ಕರೆಸಬೇಕು. ಪಶು ಸಂಜೀವಿನಿ ಆಂಬುಲೆನ್ಸಿನ ನಂಬರು 1962. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ನಮಗಿಂತ ಮೊದಲು ಅವಕ್ಕೆ ಉಣ್ಣಿಸುವ ಊರು ನಮ್ಮದು. ಏನು ಉಣ್ಣಿಸಬಾರದು ಎನ್ನುವುದೂ ಗೊತ್ತಿರಬೇಕಲ್ಲ.

ಕರಿಯಾ ಗುಣವಾದ ಮೇಲೆ ನಾವು ಓವನ್ನನ್ನು ಮತ್ತೆ ರೊಟ್ಟಿ ಬುಟ್ಟಿಯ ಕೆಳಗೆ ತಳ್ಳಲು ಹೊರಟೆವು. ತಡೆದವಳು ಆಯಿಯೇ. “ಓವನ್ ಏನ ಮಾಡ್ತು ಪಾಪ? ದೇವರ ಎಡಿಗೆ ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕೂದಿಲ್ಲ ನಾವು. ಅದಕ್ಕ ಮೊದಲ ತಗದಿಡ್ತೀವಿ. ಅದರಂಗ ನಾಯಿದೂ ಮೊದಲ ತಗದಿಡ್ರಿ. ಅದರಾಗೇನ ದೊಡ್ಡ ಓದು ಬೇಕು?” ಎಂದಳು.

ಅದು ಅಷ್ಟೇ ಸರಳವಿತ್ತು. ಮುಂದಿನ ರವಿವಾರ ಮತ್ತೆ ಅದೇ ಅಡುಗೆ ಮಾಡಿದೆವು, ಈ ಸಲ ಹಾಲನ್ನು ನಾವೇ ಒಡೆಸಿ. ಗಂಟು ಬಿಚ್ಚಿದ ಕೂಡಲೇ, ಉಪ್ಪು ತಾಗುವ ಮೊದಲು, ಉಳ್ಳಾಗಡ್ಡಿ ಹೆಚ್ಚುವ ಮೊದಲು, ಒಂದು ಚಮಚೆಯಷ್ಟು ಪನ್ನೀರನ್ನು ರೊಟ್ಟಿ ಚೂರಿನ ಜೊತೆ ಕಲೆಸಿ ಕರಿಯಾನ ಬಟ್ಟಲಲ್ಲಿ ಇಟ್ಟೆವು. ಚಿನ್ನಿಗೆ ಉಗುರಿನಷ್ಟು. ಬೆಳೆದ ಬೆಕ್ಕುಗಳಿಗೆ ಹಾಲು ಅರಗಿಸುವ ಶಕ್ತಿ ಕಡಿಮೆಯಾಗುತ್ತದೆ, ಹೆಚ್ಚು ಕೊಟ್ಟರೆ ಹೊಟ್ಟೆ ಕೆಡುತ್ತದೆ. ಅಂಗಡಿಯ ಚೀಸು ಇಬ್ಬರಿಗೂ ಇಲ್ಲ, ಅದರಲ್ಲಿ ಉಪ್ಪು ಜಾಸ್ತಿ. ತಟ್ಟೆ ನೆಕ್ಕಿಸುವುದು ಬಂದ್. ಅದನ್ನು ನಾವೇ ತೊಳೆಯುತ್ತೇವೆ.

ಬ್ಯಾಡಗಿಯಿಂದ ಬಂದಿದ್ದ ಅವ್ವ ಒಂದು ತುಂಡು ತಿಂದಳು, ಇನ್ನೊಂದು ತಿಂದಳು. ರಾಜಾನ ಮಾತು ಹೇಳಿದೆವು. ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಎದ್ದು ಒಂದು ಡಬ್ಬಿ ತಂದು ನಮ್ಮ ಮುಂದೆ ಇಟ್ಟಳು. “ಬಿಸಿ ಇದ್ದಾಗ ಹಾಕ್ರಿ” ಎಂದಳು. ಯಾರಿಗೆ ಎಂದು ನಾವು ಕೇಳಲಿಲ್ಲ.

ಹಿತ್ತಿಲ ಬಾಗಿಲಲ್ಲಿ ಚಿಗವ್ವ ಡಬ್ಬಿಯನ್ನೂ ನಮ್ಮನ್ನೂ ನೋಡಿದಳು. ನಾವು ತಯಾರು ಮಾಡಿಕೊಂಡು ಹೋಗಿದ್ದ ಮಾತು ಬಾಯಿಗೆ ಬರಲಿಲ್ಲ. ಅವಳೇ, “ನಾಯಿ ಆರಾಮ ಆತೇನ್ರವ್ವಾ? ಟಂಟಂದಾಗ ಒಯ್ಯೂದು ನೋಡಿದ್ದೆ” ಎಂದಳು. ಆತು ಎಂದೆವು. ಹೇಳಬೇಕಾದ ಇನ್ನೊಂದು ಮಾತು ಇನ್ನೂ ಬಾಕಿ ಇದೆ. ಅದನ್ನು ಡಬ್ಬಿಯ ಕೈಯಲ್ಲಿ ಹೇಳಿಸಿ ಮುಗಿಯಿತು ಎನ್ನಲು ಬರುವುದಿಲ್ಲ.

ಸಂಜೆ ಡಬ್ಬಿ ವಾಪಸ್ ಬಂತು. ಖಾಲಿ ಡಬ್ಬಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ, ಒಳಗೆ ಶೇಂಗಾ ಚಟ್ನಿ ಇತ್ತು. ಮುಚ್ಚಳ ತೆಗೆದ ಕೂಡಲೇ ಬಳ್ಳೊಳ್ಳಿಯ ಘಮ. ಹೊಸ್ತಿಲ ಮೇಲೆ ಕರಿಯಾ ಮೂಗು ಎತ್ತಿದ. ನಾವು ಮುಚ್ಚಳ ಹಾಕಿ ಡಬ್ಬಿಯನ್ನು ಮೇಲಿನ ಗೂಡಿನಲ್ಲಿ ಇಟ್ಟೆವು.