ಹುಲ್ಲು ಕಾಳಿನ ಲೆಕ್ಕ

ಕುದುರೆಯೇರಿದ ದಂಡು ಉಳುವುದಿಲ್ಲ, ಬಿತ್ತುವುದಿಲ್ಲ, ಆದರೂ ಉಣ್ಣುತ್ತದೆ. ಆ ಅನ್ನ ಯಾವ ದಾರಿಯಿಂದ ಬಂತೆಂದು ವಿಚಾರಿಸುವವರು ದೂರದೇಶಗಳ ಚರಿತ್ರೆಯನ್ನು ಅರಸಬೇಕಾಗಿಲ್ಲ. ನಾನು ವಾಸಿಸುವ ಸಿ.ವಿ. ರಾಮನ್ ನಗರವು ಬೈರಸಂದ್ರ, ಕಗ್ಗದಾಸಪುರಗಳಂತಹ ಹಳ್ಳಿಗಳ ನೆಲದಲ್ಲಿ ಎದ್ದ ಬಡಾವಣೆ. ಇಂತಹ ಹಳ್ಳಿಗಳಿಂದ ತುಂಬಿದ್ದ ಮೈಸೂರು ಸೀಮೆಯು 18ನೆಯ ಶತಮಾನದಲ್ಲಿ ಮರಾಠಾ ಅಶ್ವದಳಕ್ಕೆ ಮತ್ತೆ ಮತ್ತೆ ಉಣಬಡಿಸಬೇಕಾಯಿತು.

ವಾಣಿಜ್ಯಶಾಸ್ತ್ರ ಓದಿದವನಾದ್ದರಿಂದ ನನಗೆ ಕಾಳಗಕ್ಕಿಂತ ಲೆಕ್ಕದ ಬಾಬುಗಳಲ್ಲಿ ಆಸಕ್ತಿ. ಕಂದಾಯದ ನಾಲ್ಕನೆಯ ಒಂದು ಪಾಲು ಚೌಥ. ಅದರ ಜೊತೆಗೆ ಶೇಕಡಾ 10 ಸರದೇಶಮುಖಿ. 1719ರಲ್ಲಿ ಮೊಗಲ್ ದರಬಾರೇ ದಖ್ಖನಿನ ಆರು ಸುಬಾಗಳಲ್ಲಿ ಈ ಹಕ್ಕನ್ನು ಮಾನ್ಯ ಮಾಡಿತು. ಇವು ಬೆಳೆಯ ಪಾಲಲ್ಲ, ದೊರೆಯ ಕಂದಾಯದ ಪಾಲು ಎನ್ನಬಹುದು. ಆದರೆ ದೊರೆ ಕಳೆದುಕೊಂಡುದನ್ನು ತುಂಬಿಕೊಡುವ ಕಣ ಒಂದೇ. ಇವೆರಡಲ್ಲದೆ ಘಾಸದಾಣಾ ಎಂಬ ಮತ್ತೊಂದು ಬಾಬು ಇತ್ತು. ಘಾಸವೆಂದರೆ ಹುಲ್ಲು, ದಾಣಾ ಎಂದರೆ ಕಾಳು. ಹೆಸರಿಗೆ ಮೇವಿನ ಹಣ. ವಸ್ತುತಃ ಊರನ್ನು ಸುಲಿಯದಿರುವುದಕ್ಕೆ ತೆರುವ ಬೆಲೆ. ದಂಡು ಹೊರಡುತ್ತಿದ್ದುದು ವಿಜಯದಶಮಿಯ ನಂತರ, ಅಂದರೆ ನಮ್ಮಲ್ಲಿ ರಾಗಿ ತೆನೆ ಬಲಿತು ಕೊಯ್ಲಿಗೆ ಬರುವ ಕಾಲ. ಮಳೆಗಾಲದಲ್ಲಿ ಊರಿಗೆ ಮರಳಿ ನೇಗಿಲು ಹಿಡಿಯುತ್ತಿದ್ದ ಸವಾರರೂ ಅದರಲ್ಲಿದ್ದರು. ತೆನೆಯ ಬೆಲೆ ಅರಿಯದವರೇನಲ್ಲ.

1757ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನು ಶ್ರೀರಂಗಪಟ್ಟಣವನ್ನು ಮುತ್ತಿದಾಗ 32 ಲಕ್ಷ ರೂಪಾಯಿಗೆ ಒಪ್ಪಂದವಾಯಿತು. ಕೊಡಲು ಒದಗಿದ್ದು 5 ಲಕ್ಷ. ಉಳಿದುದಕ್ಕೆ ತಾಲ್ಲೂಕುಗಳನ್ನೇ ಅಡವಿಟ್ಟರು.

ರೈತನ ಬಳಿ ಇದ್ದ ಉಪಾಯ ಹಗೇವು. ಒಣನೆಲದಲ್ಲಿ ತೋಡಿದ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದು. ಬಾಯಿಗೆ ಮಣ್ಣು ಮುಚ್ಚಿದರೆ ಮೇಲೆ ಕುದುರೆ ಓಡಾಡಿದರೂ ಸುಲಭವಾಗಿ ತಿಳಿಯದು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಇದನ್ನು ಗಮನಿಸಿ ಬರೆದಿಟ್ಟಿದ್ದಾನೆ.

1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟುತ್ತಿದ್ದ ಕಾರ್ನ್‌ವಾಲಿಸನ ಸೈನ್ಯ ಹಸಿವಿನಿಂದ ಕಂಗೆಟ್ಟಿತ್ತು. ಪರಶುರಾಮ ಭಾವೂ, ಹರಿಪಂತರ ಮರಾಠಾ ದಂಡು ಮೇಲುಕೋಟೆಯ ಕಡೆಯಲ್ಲಿ ಬಂದು ಕೂಡಿಕೊಂಡಾಗ ಆ ಪಾಳೆಯದ ಬಜಾರಿನಲ್ಲಿ ಧಾನ್ಯವಿತ್ತು. ಬೆಲೆ ಮಾತ್ರ ವಿಪರೀತ. ಬಣಜಾರರು ಎತ್ತುಗಳ ಮೇಲೆ ಹೇರಿ ತಂದ ಕಾಳಾವುದು, ಕೊಳ್ಳೆಯ ಕಾಳಾವುದು ಎಂದು ವಿಂಗಡಿಸುವ ತಕ್ಕಡಿ ಇಂತಹ ಬಜಾರುಗಳಲ್ಲಿ ಇರುವುದಿಲ್ಲ.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳ್ಳ ತೂಕವೂ ಉಂಟು, ಕದ್ದು ತಂದುದನ್ನು ಕೊಳ್ಳುವ ತದಾಹೃತಾದಾನವೂ ಉಂಟು. ನಮ್ಮ ವರ್ತಕ ಸಮಾಜವು ಮೊದಲನೆಯದಕ್ಕೆ ಅಂಜುವಷ್ಟು ಎರಡನೆಯದಕ್ಕೆ ಅಂಜುವುದನ್ನು ನಾನು ಕಂಡಿಲ್ಲ. ಸವಾರನು ಸುಲಿದುದೆಲ್ಲವನ್ನೂ ತಾನೇ ತಿನ್ನಲಾರ; ಕೊಳ್ಳುವವರಿಲ್ಲದಿದ್ದರೆ ಅವನ ಹೊಟ್ಟೆಗೂ ಕುದುರೆಯ ಹೊಟ್ಟೆಗೂ ಆಗುವಷ್ಟಕ್ಕೆ ಸುಲಿಗೆ ನಿಲ್ಲುತ್ತಿತ್ತು. ಮೇಲುಕೋಟೆಯ ಬಳಿ ಕಾಳು ಕೊಂಡ ಹಸಿದ ಸಿಪಾಯಿಯನ್ನು ನಾನು ದೂಷಿಸಲಾರೆ. ರಾಶಿಯ ಹಿಂದೆ ಕುಳಿತು ದರ ಏರಿಸಿದವನು ಹಸಿದಿರಲಿಲ್ಲ.