ಒಂದು ದಿನದ ಪಗಾರ

ಮಗಳ ಬಾಣಂತನ ಮುಗಿಸಿ ಸಿಡ್ನಿಯಿಂದ ಬಂದು ಹದಿನೈದು ದಿನ ಆತು. ಭೆಟ್ಟಿ ಆದವರೆಲ್ಲ "ಕಾಂಗರೂ ನೋಡಿದ್ರೇನು?" ಅಂತ ಕೇಳ್ತಾರ. ಖರೇ ಹೇಳ್ತೇನಿ, ಅಲ್ಲೆ ನಾ ಹೆಚ್ಚು ನೋಡಿದ್ದು ರಗ್ಬಿ!

ಕೂಸು ರಾತ್ರಿ ಮಲಗ್ತಿರಲಿಲ್ಲ. ತೊಡಿ ಮ್ಯಾಲ ಹಾಕ್ಕೊಂಡು ಟಿ.ವಿ. ಮುಂದ ಕೂಡ್ತಿದ್ದೆ. ಅಳಿಯಂದ್ರು ಶುಕ್ರವಾರ ರಾತ್ರಿ ತಪ್ಪದ ರಗ್ಬಿ ಹಚ್ಚತಿದ್ರು. "ಇವ್ರು ಆಡ್ಲಿಕ್ಕತ್ತಾರೋ, ಬಡದಾಡ್ಲಿಕ್ಕತ್ತಾರೋ?" ಅಂದೆ. ಆಮ್ಯಾಲ ತಿಳೀತು, ಅಲ್ಲೆ ರಗ್ಬಿ ಅಂದ್ರ ಎರಡು ಆಟ. ಲೀಗ್ ಒಂದು, ಯೂನಿಯನ್ ಒಂದು. ಲೀಗಿನ್ಯಾಗ ಒಂದು ಕಡೆ 13 ಮಂದಿ, ಯೂನಿಯನ್‌ದಾಗ 15. ಲೀಗಿನ್ಯಾಗ ಚೆಂಡು ಹಿಡದು ಬಿದ್ದವನು ಎದ್ದು ಕಾಲಿಂದ ಚೆಂಡು ಹಿಂದ ತಳ್ಳತಾನ, ಆರು ಸರ್ತಿ ಕೆಡವಿದ್ರ ಚೆಂಡು ಎದುರಿನವ್ರಿಗೆ. ಯೂನಿಯನ್‌ದಾಗ ಬಿದ್ದವನ ಮ್ಯಾಲ ಮುಗಿಬಿದ್ದು ಜಗ್ಗ್ಯಾಡ್ತಾರ. ನನ್ನಂಥಾಕಿಗೆ ಲೀಗ್ ಲಗೂನ ತಿಳೀತು.

ಜಗತ್ತಿನ ಲೆಕ್ಕ ಹಿಡದ್ರ ಯೂನಿಯನ್ನs ದೊಡ್ಡದು. ಫ್ರಾನ್ಸ್, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಎಲ್ಲಾ ಕಡೆ ಅದರ ವಿಶ್ವಕಪ್ಪಿನ ಗದ್ದಲ. ಆದ್ರ ಸಿಡ್ನಿದಾಗ ಲೀಗ್ ಅಂದ್ರ ಓಣಿ ಆಟ. ಮಗಳ ಮನಿ ಇರೋ ಪ್ಯಾರಮಟ್ಟಾಕ್ಕ ಒಂದು ಟೀಮು, ಅದರ ಗುರ್ತು ಹಾವಿನಂಥಾ ಮೀನು. ಪೆನ್ರಿತ್‌ಗೆ ಇನ್ನೊಂದು. ಯೂನಿಯನ್ನಿಗೆ ಅಲ್ಲೆ ದೊಡ್ಡ ಫೀ ತಗೊಳ್ಳೋ ಖಾಸಗಿ ಸಾಲಿಗಳ ಆಟ ಅನ್ನೋ ಹೆಸರು ಹಳೇದು.

ಲೀಗಿನವ್ರು ಜಾಹೀರಾತಿನ್ಯಾಗೂ ಶಾಣ್ಯಾರು. 1989ರಾಗ ಟೀನಾ ಟರ್ನರ್ ಅನ್ನೋ ಅಮೆರಿಕದ ಹಾಡುಗಾರ್ತಿನ್ನ ಹಾಕ್ಕೊಂಡು ಟಿ.ವಿ. ಜಾಹೀರಾತು ಮಾಡಿದ್ರಂತ. ಗಂಡಸರ ಆಟಕ್ಕ ಹೆಂಗಸರನ್ನೂ ಎಳೀಬೇಕು ಅನ್ನೋ ಲೆಕ್ಕ ಅವರದು. ಲೆಕ್ಕ ಹತ್ತಿತು. ಈಗ 2024ರಿಂದ ವರ್ಷದ ಮೊದಲ ಆಟ ಅಮೆರಿಕದ ಲಾಸ್ ವೇಗಾಸ್‌ನ್ಯಾಗ ಆಡಿಸ್ತಾರ.

ಜಾಹೀರಾತಿನ ಲೆಕ್ಕ ಒಮ್ಮೊಮ್ಮೆ ಉಲ್ಟಾನೂ ಆಗ್ತದ. 1908ರಿಂದ ಆಡಿಕೋತ ಬಂದ ಸೌತ್ ಸಿಡ್ನಿ ಟೀಮನ್ನ, ಟೀಮು ಭಾಳ ಆದವು ಅಂತ 1999ರ ಸೀಸನ್ ಆದಮ್ಯಾಲ ಕೈಬಿಟ್ರು. ಹತ್ತಾರು ಸಾವಿರ ಮಂದಿ ರಸ್ತೆಕ್ಕ ಇಳದ್ರು, ಕೋರ್ಟಿಗೂ ಹೋದ್ರು. 2002ರಾಗ ಅದನ್ನ ವಾಪಸ್ ತಗೋಬೇಕಾತು.

"ಒಂದs ಆಟ ಎರಡು ಯಾಕ ಆತು?" ಅಂತ ಒಂದಿನ ಕೇಳಿದೆ. ಅಳಿಯಂದ್ರು ಹೇಳಿದ್ದು ಕೇಳಿ ಕೂಸಿನ್ನ ತಟ್ಟೋ ಕೈ ನಿಂತುಬಿಡ್ತು.

ಉತ್ತರ ಇಂಗ್ಲೆಂಡಿನ್ಯಾಗ ಗಿರಣಿ, ಕಲ್ಲಿದ್ದಲ ಗಣಿಯ ಕೆಲಸಗಾರರು ರಗ್ಬಿ ಆಡ್ತಿದ್ರು. ಆಡ್ಲಿಕ್ಕೆ ಹೋದ್ರ ಆ ಹೊತ್ತಿನ ಪಗಾರ ಕಟ್. ಅಷ್ಟು ರೊಕ್ಕರ ತುಂಬಿಕೊಡ್ರಿ ಅಂತ ಕೇಳಿದ್ರು. 1893ರಾಗ ಲಂಡನ್ನಿನ ಸಭಾದಾಗ ಅದನ್ನ ತಳ್ಳಿಹಾಕಿದ್ರು. 1895ರಾಗ ಹಡರ್ಸ್‌ಫೀಲ್ಡ್ ಊರಿನ ಒಂದು ಹೋಟೆಲ್ಲಿನ್ಯಾಗ ಕೂತು ಉತ್ತರದ ಕ್ಲಬ್ಬಿನವ್ರು ಬ್ಯಾರೆ ಆದ್ರು. ಅದs ಮುಂದ ಲೀಗ್ ಆತು. ಯೂನಿಯನ್‌ದವ್ರು ಆಟಕ್ಕ ರೊಕ್ಕ ತಗೋಬಹುದು ಅಂತ ಒಪ್ಪಿದ್ದು 1995ರಾಗ. ಬರೋಬ್ಬರಿ ನೂರು ವರ್ಷ!

ನನಗ ನಮ್ಮ ಅಣ್ಣನ ನೆನಪಾತು. ಹುಬ್ಬಳ್ಳಿದಾಗ ದಿನಗೂಲಿಗೆ ಹೋಗ್ತಿದ್ದ, ಕಬಡ್ಡಿ ಅಂದ್ರ ಜೀವ. 1987ರಾಗ ಅವನ ಹೆಸರು ವಿಜಾಪುರದ ಪಂದ್ಯಕ್ಕ ಆರಿಸಿ ಬಂತು. ನಾಕು ದಿನ ಹೋಗಬೇಕಿತ್ತು. ನಾಕು ದಿನದ ಕೂಲಿ ಹೋಗ್ತದ ಅಂತ ಹೋಗಲಿಲ್ಲ. "ಮೊಣಕಾಲು ನೋಯ್ತದ" ಅಂದ. ಅದs ವಾರ ನನ್ನ ಪಿ.ಯು.ಸಿ. ಫೀ ತುಂಬಿದ. ನಾ ಅವನ ಮೊಣಕಾಲಿಗೆ ಎಣ್ಣಿ ಬಿಸಿ ಮಾಡಿಕೊಟ್ಟಿದ್ದೆ. ಫೀ ಎಲ್ಲಿಂದ ಬಂತು ಅಂತ ಕೇಳಲೂ ಇಲ್ಲ. ಮದುವಿ ಆದ ಎಷ್ಟೋ ವರ್ಷಕ್ಕ ಅವ್ವ ಹೇಳಿದ್ಲು. 2014ರಾಗ ಟಿ.ವಿ.ದಾಗ ಪ್ರೊ ಕಬಡ್ಡಿ ಶುರು ಆದಾಗ ಆ ಬಣ್ಣದ ದೀಪ, ಆ ಸಂಗೀತ ನೋಡಿ ಅಣ್ಣ ಸುಮ್ಮನ ಎದ್ದು ಹಿತ್ತಲಕ್ಕ ಹೋಗಿದ್ದ.

ಸಿಡ್ನಿಯಿಂದನs ಅವಂಗ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ. ಕಡೀಕ, "ಅಣ್ಣಾ, ನಿನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ, ನಂಗೊತ್ತದ" ಅಂದೆ.

ಭಾಳೊತ್ತು ಮಾತಾಡಲಿಲ್ಲ. ಆಮ್ಯಾಲ, "ಹೋಗ ಹುಚ್ಚಿ, ಈಗ ಖರೇನ ನೋಯ್ತದ" ಅಂದು ನಕ್ಕ. ಫೋನ್ ಇಡೂ ಮುಂದ ಕೇಳಿದ, "ಆ ಗಿರಣಿಯವ್ರು ಬ್ಯಾರೆ ಆಗಿದ್ದು ಎಷ್ಟನೇ ಇಸ್ವಿ ಅಂದಿ?"