ಹರಡಿದ್ದಲ್ಲ, ಎರಡು

ನಿಪ್ಪಾಣಿ, 9 ಜನವರಿ 2024

ತಂಬಾಕಿನ ಸುಗ್ಗಿ. ಒಳಗೆ ಬಂದವರ ಅಂಗಿಯಲ್ಲೇ ಘಾಟು. ರಾಯಬಾಗದ ಕಡೆಯ ರೈತ, ಅರವತ್ತರ ಆಸುಪಾಸು. ಎಡಗೆನ್ನೆಯೊಳಗೆ ಹುಣ್ಣು, ತಂಬಾಕು-ಸುಣ್ಣ ಇಟ್ಟುಕೊಳ್ಳುವ ಜಾಗದಲ್ಲೇ. ಬೀಡಿಯೂ ಉಂಟು. ಬಯಾಪ್ಸಿ ತೆಗೆದೆ. ಹೊರಡುವಾಗ ಹೆಂಡತಿ ಅಂದಳು: "ರೊಟ್ಟಿ ಎದ್ಯಾಗ ನಿಲ್ಲತೈತ್ರಿ, ಅಂಬಲಿ ಅಷ್ಟ ಇಳೀತೈತಿ." ಬಾಯಿಯ ಹುಣ್ಣಿಗೆ ರೊಟ್ಟಿ ಎದೆಯಲ್ಲಿ ನಿಲ್ಲಬೇಕಾಗಿಲ್ಲ. ಎಂಡೋಸ್ಕೋಪಿಗೂ ಬರೆದೆ.

18 ಜನವರಿ

ಅನ್ನನಾಳದ ನಡುಭಾಗದಲ್ಲಿ ಗಡ್ಡೆ. ಎರಡೂ ಕಡೆ ಸ್ಕ್ವಾಮಸ್ ಸೆಲ್ ಕಾರ್ಸಿನೋಮ. "ಹರಡೇತಿ, ಮನೀಗೆ ಒಯ್ರಿ" ಎಂದು ಯಾರೋ ಹೇಳಿದ್ದರಂತೆ. ಮಗ ಅರ್ಧ ಸೋತೇ ಬಂದಿದ್ದ. ಸೂಕ್ಷ್ಮದರ್ಶಕದಲ್ಲಿ ಎರಡಕ್ಕೂ ಒಂದೇ ಚಹರೆ, ಹಾಗೆ ಅನ್ನಿಸುವುದು ಸಹಜ. ಆದರೆ ಕೆನ್ನೆಯ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಕತ್ತಿನ ಗಂಟುಗಳಿಗೆ ಇಳಿಯುತ್ತದೆ, ದೂರ ಹೋದರೆ ಹೆಚ್ಚಾಗಿ ಶ್ವಾಸಕೋಶಕ್ಕೆ. ಅನ್ನನಾಳದ ಒಳಪದರಕ್ಕೆ ಹೋಗುವುದು ತೀರ ಅಪರೂಪ. ಅಲ್ಲಿನ ಗಡ್ಡೆಯ ಅಂಚಿನಲ್ಲಿ ಪೂರ್ವಹಂತದ ಬದಲಾವಣೆಯೂ ಇದೆ ಎಂದು ಪೆಥಾಲಜಿಸ್ಟ್ ಫೋನಿನಲ್ಲಿ ಹೇಳಿದರು. ಅಂದರೆ ಅಲ್ಲೇ ಹುಟ್ಟಿದ್ದು. ಎರಡು ಬೇರೆ ಕ್ಯಾನ್ಸರ್ ಎನ್ನಲು ವಾರೆನ್ ಮತ್ತು ಗೇಟ್ಸ್ 1932ರಲ್ಲಿ ಹಾಕಿದ ಷರತ್ತುಗಳು ಕೂಡಿಬಂದವು: ಎರಡೂ ಖರೇ ಕ್ಯಾನ್ಸರ್, ಬೇರೆ ಬೇರೆ, ಒಂದು ಇನ್ನೊಂದರಿಂದ ಹರಡಿದ್ದಲ್ಲ. ಕಾರಣವನ್ನು 1953ರಲ್ಲೇ ಸ್ಲಾಟರ್ ಮತ್ತು ಸಂಗಡಿಗರು ಸೂಚಿಸಿದ್ದರು: ವಿಷ ತಾಗಿದ ಇಡೀ ಪದರವೇ ಕೆಟ್ಟಿರುತ್ತದೆ. ಅಥಣಿ, ಕಾಗವಾಡದ ಕಡೆ ಸವಳು ಹತ್ತಿದ ಹೊಲದಂತೆ, ಬೆಳೆ ಒಂದೇ ಮೂಲೆಯಲ್ಲಿ ಒಣಗುವುದಿಲ್ಲ.

ಮಗನಿಗೆ ಹೇಳುವುದೇ ಕಷ್ಟವಾಯಿತು. "ಒಂದಕ್ಕ ಸತ್ತೇವಿ, ಎರಡು ಅಂದ್ರ ಚಲೋ ಸುದ್ದಿ ಅಂತೀರಲ್ರಿ!" ಹೌದು. ಹರಡಿದ್ದಾದರೆ ನಾಲ್ಕನೇ ಹಂತ. ಬೇರೆ ಬೇರೆಯಾದ್ದರಿಂದ ಒಂದೊಂದಕ್ಕೂ ಅದರದೇ ಹಂತ, ಗುಣದ ಆಸೆಯೂ ಉಂಟು. ಪೆಟ್ ಸ್ಕ್ಯಾನಿಗೆ ಬೆಳಗಾವಿಗೆ ಬರೆದೆ. ಕೊಲ್ಲಾಪುರ ಹತ್ತಿರ, ಆದರೆ ಅದು ಮಹಾರಾಷ್ಟ್ರ; ಚಿಕಿತ್ಸೆಯ ಸರಕಾರಿ ಕಾರ್ಡು ಎಲ್ಲಿ ನಡೆಯುತ್ತದೆ ಎಂದು ವಿಚಾರಿಸುವುದೇ ಗಡಿಯವರ ಅರ್ಧ ಚಿಕಿತ್ಸೆ.

2 ಫೆಬ್ರುವರಿ

ಸ್ಕ್ಯಾನಿನಲ್ಲಿ ಬೇರೆಲ್ಲೂ ಇಲ್ಲ. ಯಾವುದಕ್ಕೆ ಮೊದಲು ಚಿಕಿತ್ಸೆ ಎಂದು ವೈದ್ಯರ ಸಭೆಯಲ್ಲಿ ಬಹಳ ಚರ್ಚೆ. ಒಂದನ್ನು ನೋಡುತ್ತ ಕೂತರೆ ಇನ್ನೊಂದು ಬೆಳೆಯುತ್ತದೆ. ಕೆನ್ನೆಯದು ಸಣ್ಣದು, ಮೊದಲು ಅದರ ಆಪರೇಶನ್. ಗಾಯ ಮಾಗಿದ ಕೂಡಲೇ ಅನ್ನನಾಳಕ್ಕೆ ಕೀಮೋ, ರೇಡಿಯೇಶನ್. ಊಟದ ನಳಿಕೆ ಜಠರಕ್ಕೆ ಬೇಡ, ಸಣ್ಣಕರುಳಿಗೇ ಹಾಕೋಣ ಎಂದರು ಸರ್ಜನ್. ನಾಳೆ ಅನ್ನನಾಳ ತೆಗೆಯಬೇಕಾದರೆ ಜಠರವನ್ನೇ ಮೇಲೆಳೆದು ಹೊಸ ನಾಳ ಮಾಡಬೇಕಲ್ಲ! ಈ ಮುಂದಾಲೋಚನೆ ನನಗೆ ಹಿಡಿಸಿತು.

ಎಲ್ಲ ಕೇಳಿಸಿಕೊಂಡ ಮುದುಕ ಒಂದೇ ಕೇಳಿದ: "ಕಬ್ಬಿನ ಬಿಲ್ ಬರೂತನಕ ತಡದ್ರ ನಡೀತೈತೇನ್ರಿ?"

ನಡೆಯುವುದಿಲ್ಲ ಎಂದೆ. ಮಂಗಳವಾರ ಭರ್ತಿ.